ಬ್ರಹ್ಮಗಿರಿಯಿಂದ ನಾಥಸಾಗರದವರೆಗೆ: ಮಳೆ, ಇಳಿಜಾರು, ಮಣ್ಣು



ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗವನ್ನು ರಚಿಸಿದ ಕವಿಯು ಕನ್ನಡ ನಾಡಿಗೆ ಉತ್ತರದ ಮೇರೆಯೆಂದು ಯಾವ ನದಿಯನ್ನು ಹೆಸರಿಸಿದನೋ ಆ ಗೋದಾವರಿಯು ಇಂದು ನಮ್ಮ ರಾಜ್ಯದ ಎಲ್ಲೆಯಿಂದ ಬಹು ದೂರದಲ್ಲಿ ಹರಿಯುತ್ತಿದ್ದರೂ, ಎಲ್ಲೋರದ ಬಂಡೆಯಲ್ಲಿ ಕೈಲಾಸವನ್ನು ಕಡೆಯಿಸಿದ ರಾಷ್ಟ್ರಕೂಟರ ನೆನಪು ಉಳಿದಿರುವವರೆಗೂ, ಬೀದರಿನ ಮಾಂಜ್ರಾ ನದಿಯು ತನ್ನ ನೀರನ್ನು ಅದಕ್ಕೇ ಒಪ್ಪಿಸುತ್ತಿರುವವರೆಗೂ, ಕನ್ನಡಿಗರಿಗೆ ಅದು ಪರನಾಡಿನ ನದಿಯಾಗಲಾರದು. ನಾಸಿಕ ಜಿಲ್ಲೆಯ ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ, ಅರಬ್ಬೀ ಸಮುದ್ರಕ್ಕೆ ನೂರು ಕಿಲೋಮೀಟರಿಗಿಂತಲೂ ಸಮೀಪದಲ್ಲಿ ಹುಟ್ಟಿದ ಈ ನದಿಯು, ಆ ಕಡಲಿಗೆ ಬೆನ್ನು ತಿರುಗಿಸಿ 1465 ಕಿಲೋಮೀಟರುಗಳನ್ನು ಕ್ರಮಿಸಿ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆ ದೀರ್ಘ ಪಯಣದ ಮೊದಲ ಭಾಗ, ಅಂದರೆ ಬ್ರಹ್ಮಗಿರಿಯಿಂದ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿರುವ ಜಾಯಕವಾಡಿ ಅಣೆಕಟ್ಟಿನವರೆಗಿನ ಪ್ರದೇಶವೇ, ಇಂದು ನಾನು ಆಯ್ದುಕೊಂಡಿರುವ ಕ್ಷೇತ್ರ. ಅಲ್ಲಿ ಹರಿಯುವ ನೀರನ್ನು ಕುರಿತು ಬಹಳ ಜನ ಮಾತನಾಡಿದ್ದಾರೆ. ಆ ನೀರಿನೊಡನೆ ಹೋಗುವ ಮಣ್ಣನ್ನು ಕುರಿತು ನಾನು ಮಾತನಾಡಬಯಸುತ್ತೇನೆ.

ನೀರಿನ ವಿಷಯದಲ್ಲಿ ಮೇಲಿನ ನಾಸಿಕದವರಿಗೂ ಕೆಳಗಿನ ಮರಾಠವಾಡದವರಿಗೂ ನಡೆದಿರುವ ವ್ಯಾಜ್ಯ ಪ್ರಸಿದ್ಧವಾದುದು. ಮಹಾರಾಷ್ಟ್ರದ ಜಲಸಂಪತ್ತಿ ನಿಯಂತ್ರಣ ಪ್ರಾಧಿಕಾರವು 2014ರಲ್ಲಿ ಆದೇಶವೊಂದನ್ನು ಹೊರಡಿಸಿ, ಅಕ್ಟೋಬರ್ 15ರ ವೇಳೆಗೆ ಜಾಯಕವಾಡಿಯ ಉಪಯುಕ್ತ ಸಂಗ್ರಹವು ನೂರಕ್ಕೆ ಅರವತ್ತೈದಕ್ಕಿಂತ ಕಡಮೆಯಾಗಿದ್ದಲ್ಲಿ ಮೇಲಿನ ಜಲಾಶಯಗಳಿಂದ ನೀರು ಬಿಡಬೇಕೆಂದು ವಿಧಿಸಿತು. ವಿವಾದವು ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಘನ ಅಡಿಯ ಲೆಕ್ಕದಲ್ಲಿ ಅಳೆದು, ಒಂದು ಹನಿಯೂ ಹೆಚ್ಚು ಕಡಮೆಯಾಗದಂತೆ ಹಂಚಿಕೊಳ್ಳಬೇಕೆಂಬ ಈ ಆಗ್ರಹದ ನಡುವೆ, ಅದೇ ಪಾತ್ರದಲ್ಲಿ ಅದೇ ಪ್ರವಾಹದೊಡನೆ ಮೇಲಿನವನ ಹೊಲವನ್ನು ಬಿಟ್ಟು ಕೆಳಗಿನವನ ಕೆರೆಯನ್ನು ತುಂಬುವ ಮಣ್ಣಿಗೆ ಮಾತ್ರ ವಾದಿಯೂ ಇಲ್ಲ, ಪ್ರತಿವಾದಿಯೂ ಇಲ್ಲ. ಮೇಲಿನ ಇಳಿಜಾರಿನಲ್ಲಿ ಏನು ಬೆಳೆಯುತ್ತಿದೆ, ಏನನ್ನು ಕಡಿಯಲಾಗಿದೆ, ಯಾವ ಗುಡ್ಡವನ್ನು ಅಗೆಯಲಾಗಿದೆ ಎಂಬುದೇ ಕೆಳಗಿನ ಜಲಾಶಯದ ಆಯುಷ್ಯವನ್ನು ನಿರ್ಣಯಿಸುತ್ತಿರಲು, ನೀರಿನ ನ್ಯಾಯವನ್ನು ಮಣ್ಣಿನ ನ್ಯಾಯದಿಂದ ಬೇರ್ಪಡಿಸಿ ತೀರ್ಮಾನಿಸಲು ಬಾರದೆಂಬುದು ನನ್ನ ಇಂದಿನ ಪ್ರತಿಪಾದನೆ.

ಮಣ್ಣಿನ ಸವಕಳಿಯೆಂದರೆ ಹರಿಯುವ ನೀರು ನೆಲವನ್ನು ಕೊರೆದು ಕೊಂಡೊಯ್ಯುವುದೆಂದೇ ಬಹುಕಾಲ ಎಣಿಸಲಾಗಿತ್ತು. 1940ರ ದಶಕದಲ್ಲಿ ಅಮೆರಿಕದ ಎಲಿಸನ್ ಎಂಬ ಸಂಶೋಧಕರು ಮಳೆಹನಿಯ ಹೊಡೆತವನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿ, ಹರಿವು ಪ್ರಾರಂಭವಾಗುವುದಕ್ಕೆ ಮೊದಲೇ ಅನಾಹುತವು ಆರಂಭವಾಗಿರುತ್ತದೆಂದು ತೋರಿಸಿದರು. ಐದು ಮಿಲಿಮೀಟರ್ ವ್ಯಾಸದ ಹನಿಯೊಂದು ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಿಂದ ನೆಲಕ್ಕೆ ಬಡಿಯುತ್ತದೆ. ಬರಿಯ ನೆಲದ ಹೆಂಟೆ ಒಡೆದು ಪುಡಿಯಾಗುತ್ತದೆ. ಸಿಡಿದ ಸೂಕ್ಷ್ಮ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿ ಮೇಲೊಂದು ತೆಳುವಾದ ಪೊರೆಯನ್ನು ಕಟ್ಟುತ್ತವೆ. ಇಂಗಬೇಕಾದ ನೀರು ಇಂಗಲಾರದೆ ಹರಿಯತೊಡಗುತ್ತದೆ. ಹರಿಯುವ ನೀರಿಗೆ ಹೊರಲು ಪುಡಿಮಣ್ಣು ಸಿದ್ಧವಾಗಿಯೇ ಇರುತ್ತದೆ. ಇಳಿಜಾರಿನಲ್ಲಿ ಸಿಡಿದ ಕಣವು ಮೇಲಕ್ಕಿಂತ ಕೆಳಕ್ಕೆ ಹೆಚ್ಚು ದೂರ ಬೀಳುವುದರಿಂದ, ಪ್ರತಿಯೊಂದು ಹನಿಯೂ ಮಣ್ಣನ್ನು ಕಣಿವೆಯ ಕಡೆಗೆ ಒಂದಿಷ್ಟು ಸರಿಸಿಯೇ ತೀರುತ್ತದೆ. ಹಾಗಾಗಿ ಹನಿಗೂ ಮಣ್ಣಿಗೂ ನಡುವೆ ಏನಿದೆ ಎಂಬ ಪ್ರಶ್ನೆಯೇ ಈ ಶಾಸ್ತ್ರದ ಮೂಲ ಪ್ರಶ್ನೆ.

ವಿಶ್‌ಮೈಯರ್ ಮತ್ತು ಸ್ಮಿತ್ ಎಂಬಿಬ್ಬರು ವಿದ್ವಾಂಸರು ಅಮೆರಿಕದ ಪ್ರಯೋಗ ತಾಕುಗಳಲ್ಲಿ ಸಂಗ್ರಹವಾದ ವಿಪುಲ ಮಾಹಿತಿಯನ್ನು ಮಥಿಸಿ 1965ರಲ್ಲಿ ಪ್ರಕಟಿಸಿದ, 1978ರಲ್ಲಿ ಪರಿಷ್ಕರಿಸಿದ ಸಮೀಕರಣವು ಇಂದಿಗೂ ಈ ಕ್ಷೇತ್ರದ ಪಂಚಾಂಗವಾಗಿದೆ. ಮಳೆಯ ಸವೆಸುವ ಶಕ್ತಿ, ಮಣ್ಣಿನ ಸವೆಯುವ ಗುಣ, ಇಳಿಜಾರಿನ ಉದ್ದ ಮತ್ತು ಕಡಿದುತನ, ನೆಲದ ಮೇಲಣ ಹೊದಿಕೆ, ಬದು ಒಡ್ಡುಗಳಂಥ ರಕ್ಷಣಾಕ್ರಮ ಇವುಗಳನ್ನು ಪರಸ್ಪರ ಗುಣಿಸಿದರೆ ಒಂದು ವರ್ಷದಲ್ಲಿ ಕೊಚ್ಚಿಹೋಗುವ ಮಣ್ಣಿನ ಅಂದಾಜು ದೊರೆಯುತ್ತದೆ. ಇಲ್ಲಿ ಗಮನಿಸಬೇಕಾದ ಮರ್ಮವೆಂದರೆ ಇದು ಸಂಕಲನವಲ್ಲ, ಗುಣಾಕಾರ. ಒಂದಂಶವು ನೂರರಲ್ಲೊಂದು ಪಾಲಿಗೆ ಇಳಿದರೆ ಒಟ್ಟು ಫಲವೂ ನೂರರಲ್ಲೊಂದು ಪಾಲಿಗೆ ಇಳಿಯುತ್ತದೆ. ಬೆಳೆಯಿಲ್ಲದೆ ಉತ್ತುಬಿಟ್ಟ ನೆಲಕ್ಕೆ ಹೊದಿಕೆಯ ಅಂಶವು ಒಂದಾದರೆ, ತರಗೆಲೆಯೂ ಪೊದೆಯೂ ತುಂಬಿದ ಅಡವಿಗೆ ಅದು ನೂರನೆಯ ಒಂದಂಶಕ್ಕಿಂತಲೂ ಕಡಮೆ. ಮಳೆಯನ್ನು ನಾವು ಆಳಲಾರೆವು, ಬೆಟ್ಟವನ್ನು ತಗ್ಗಿಸಲಾರೆವು. ನಮ್ಮ ಕೈಯಲ್ಲಿರುವುದು ಕೊನೆಯ ಎರಡು ಅಂಶಗಳು ಮಾತ್ರ, ಆದರೆ ಇಡಿಯ ಲೆಕ್ಕವನ್ನು ತಲೆಕೆಳಗು ಮಾಡಬಲ್ಲವುಗಳೂ ಅವೇ. ಒಂದು ಎಚ್ಚರಿಕೆಯನ್ನೂ ಇಲ್ಲಿಯೇ ಹೇಳಿಬಿಡಬೇಕು: ಈ ಸಮೀಕರಣವು ಸೌಮ್ಯವಾದ ಇಳಿಜಾರಿನ ಹೊಲಗಳಲ್ಲಿ ಹುಟ್ಟಿದುದು, ಆಳವಾದ ಕೊರಕಲುಗಳನ್ನಾಗಲಿ ಗುಡ್ಡ ಕುಸಿಯುವುದನ್ನಾಗಲಿ ಅದು ಎಣಿಸುವುದಿಲ್ಲ. ಸಹ್ಯಾದ್ರಿಯಲ್ಲಿ ಅದನ್ನು ದಿಕ್ಸೂಚಿಯಂತೆ ಬಳಸಬೇಕೇ ಹೊರತು ತಕ್ಕಡಿಯಂತೆ ಅಲ್ಲ.

ಧ್ರುವನಾರಾಯಣ ಮತ್ತು ರಾಮಬಾಬು ಎಂಬವರು 1983ರಲ್ಲಿ ಮಾಡಿದ ಗಣನೆಯ ಪ್ರಕಾರ ಭಾರತದಲ್ಲಿ ವರ್ಷಕ್ಕೆ ಒಂದು ಹೆಕ್ಟೇರಿನಿಂದ ಸರಾಸರಿ 16.4 ಟನ್ನು ಮಣ್ಣು ಸ್ಥಾನಭ್ರಷ್ಟವಾಗುತ್ತದೆ. ಅದರಲ್ಲಿ ಸುಮಾರು ನೂರಕ್ಕೆ ಇಪ್ಪತ್ತೊಂಬತ್ತು ಪಾಲು ಸಮುದ್ರವನ್ನು ಸೇರುತ್ತದೆ, ಹತ್ತು ಪಾಲು ಜಲಾಶಯಗಳಲ್ಲಿ ಹೂಳಾಗುತ್ತದೆ, ಉಳಿದುದು ಒಂದೆಡೆಯಿಂದ ಇನ್ನೊಂದೆಡೆಗೆ ಸರಿಯುತ್ತದೆ. ಹದಿನಾರು ಟನ್ನೆಂದರೆ ದೊಡ್ಡ ಸಂಖ್ಯೆಯೆಂದು ತೋರುವುದಾದರೂ ಒಂದು ಹೆಕ್ಟೇರಿನ ಮೇಲೆ ಹರಡಿದರೆ ಅದು ಒಂದೂವರೆ ಮಿಲಿಮೀಟರಿನಷ್ಟೂ ದಪ್ಪವಾಗಲಾರದು. ರೈತನ ಕಣ್ಣಿಗೆ ಇದು ಕಾಣುವುದೇ ಇಲ್ಲ. ಈ ಅಗೋಚರತೆಯೇ ವಿಪತ್ತಿನ ಮೂಲ. ಕೇವಲ ಹದಿನೈದು ಸೆಂಟಿಮೀಟರ್ ಮಣ್ಣಿರುವ ಗುಡ್ಡದ ಮೈಯಿಂದ ವರ್ಷಕ್ಕೆ ಮೂರು ಮಿಲಿಮೀಟರ್ ಹೋಯಿತೆನ್ನಿ. ಅಜ್ಜನು ಉತ್ತ ನೆಲದಲ್ಲಿ ಮೊಮ್ಮಗನಿಗೆ ಗರಸು ಮಾತ್ರ ಉಳಿಯಲು ಐವತ್ತು ವರ್ಷ ಸಾಕು. ಇಷ್ಟೇ ಅಲ್ಲದೆ, ನೀರು ಮೊದಲು ಹೊತ್ತೊಯ್ಯುವುದು ಅತಿ ಸೂಕ್ಷ್ಮವಾದ ಜೇಡಿಯನ್ನು ಮತ್ತು ಕೊಳೆತ ಎಲೆಯ ಸಾರವನ್ನು. ಹಿಂದೆ ಉಳಿಯುವುದು ಕಲ್ಲು. ಆದುದರಿಂದ ಮಣ್ಣಿನ ತೂಕವು ಹೋದುದಕ್ಕಿಂತ ಹೆಚ್ಚಾಗಿ ಅದರ ಸತ್ತ್ವವು ಹೋಗಿರುತ್ತದೆ.

ಈಗ ನಾಸಿಕದ ಪಶ್ಚಿಮದ ಗುಡ್ಡಗಳಿಗೆ ಬರೋಣ. ಇಗತಪುರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ; ಅಲ್ಲಿಂದ ಐವತ್ತು ಕಿಲೋಮೀಟರಿನೊಳಗಿರುವ ನಾಸಿಕ ನಗರದಲ್ಲಿ ಸುಮಾರು ಏಳು ನೂರು ಮಾತ್ರ. ಇಷ್ಟು ಕಿರಿದಾದ ಅಂತರದಲ್ಲಿ ಮಳೆಯು ಹೀಗೆ ಇಳಿಯುವ ನಾಡಿನಲ್ಲಿ ನದಿಯ ನೀರು ಬಹುಮಟ್ಟಿಗೆ ಪಶ್ಚಿಮದ ಒಂದು ಕಿರಿಯ ಪಟ್ಟಿಯಿಂದಲೇ ಬರುತ್ತದೆ. ತ್ರ್ಯಂಬಕ, ಇಗತಪುರಿಗಳ ಇಳಿಜಾರುಗಳೇ ಗೋದಾವರಿ, ದಾರಣಾ ನದಿಗಳ ಕಣಜ. ಅಲ್ಲಿಯ ಬಸಾಲ್ಟ್ ಶಿಲೆಯ ಮೇಲಿನ ಮಣ್ಣಿನ ಪದರವಾದರೋ ತೆಳು. ಕೋಕಣಾ, ಮಹಾದೇವ ಕೋಳಿ, ವಾರ್ಲಿ, ಠಾಕರ ಸಮುದಾಯಗಳವರು ಆ ಇಳಿಜಾರುಗಳಲ್ಲಿ ತಲೆಮಾರುಗಳಿಂದ ನಾಗಲಿಯನ್ನು, ಅಂದರೆ ನಮ್ಮ ರಾಗಿಯನ್ನು, ವರಾಯಿಯೆಂಬ ಕಿರುಧಾನ್ಯವನ್ನು, ಹುಚ್ಚೆಳ್ಳನ್ನು ಬೆಳೆದು ಬದುಕಿದವರು. ಮರದ ಕೊಂಬೆಗಳನ್ನು ಸವರಿ, ಒಣಗಿಸಿ, ಸಸಿಮಡಿಯ ಮೇಲೆ ಹರಡಿ ಸುಡುವ ಅವರ ಪದ್ಧತಿಗೆ ಆ ಕಡೆ ರಾಬ್ ಎಂದು ಹೆಸರು. ಕೆಲವು ವರ್ಷ ಬೆಳೆ ತೆಗೆದು ಮತ್ತೆ ಕೆಲವು ವರ್ಷ ನೆಲವನ್ನು ಬೀಳುಬಿಡುತ್ತಿದ್ದ ಕಾಲದಲ್ಲಿ ಹುಲ್ಲೂ ಪೊದೆಯೂ ಮರಳಿ ಚಿಗುರಿ ಗಾಯವನ್ನು ಮಾಯಿಸುತ್ತಿದ್ದುವು.

ಈ ಜನರ ಮೇಲೆ ದೋಷವನ್ನು ಹೊರಿಸುವುದು ಸುಲಭ, ಆದರೆ ನ್ಯಾಯವಲ್ಲ. 1865ರಲ್ಲಿ ಥಳ ಘಾಟಿನ ಮೂಲಕ ರೈಲು ಇಗತಪುರಿಗೆ ಏರಿತು. ರೈಲುದಾರಿಗೂ ನಗರಗಳಿಗೂ ಮರ ಬೇಕಾಯಿತು. 1878ರ ಅರಣ್ಯ ಕಾನೂನು ಕಾಡಿಗೆ ಗೆರೆಯೆಳೆದು ಒಳಗಿದ್ದವರನ್ನು ಹೊರಗಿನವರನ್ನಾಗಿ ಮಾಡಿತು. ಉಳಿದ ಸ್ವಲ್ಪ ನೆಲದಲ್ಲಿ ಜನ ಹೆಚ್ಚಿದರು, ಬೀಳುಬಿಡುವ ಅವಧಿ ಕುಗ್ಗಿತು, ಗಾಯ ಮಾಯುವ ಮೊದಲೇ ನೇಗಿಲು ಮತ್ತೆ ಅದೇ ಇಳಿಜಾರಿಗೆ ಬಂದಿತು. ಪದ್ಧತಿಯು ಕೆಟ್ಟುದಲ್ಲ; ಪದ್ಧತಿಗೆ ಬೇಕಾಗಿದ್ದ ಅವಕಾಶವನ್ನು ಕಿತ್ತುಕೊಂಡುದು ಕೆಟ್ಟುದು.

ಕಾಡೆಂದರೆ ಮರವೆಂದು ಭಾವಿಸಿ, ಮರ ನೆಟ್ಟರೆ ಮಣ್ಣು ಉಳಿಯಿತೆಂದು ನಿಶ್ಚಿಂತರಾಗುವುದು ಇನ್ನೊಂದು ಬಗೆಯ ಪ್ರಮಾದ. ತೇಗದ ಅಗಲವಾದ ಎಲೆಯ ಮೇಲೆ ಸಣ್ಣ ಹನಿಗಳು ಕೂಡಿ ದೊಡ್ಡ ಹನಿಯಾಗಿ, ಎಂಟು ಹತ್ತು ಮೀಟರ್ ಎತ್ತರದಿಂದ ಬೀಳುವಾಗ ತಮ್ಮ ವೇಗವನ್ನು ಬಹುಮಟ್ಟಿಗೆ ಮರಳಿ ಪಡೆದುಕೊಳ್ಳುತ್ತವೆ; ಕೆಳಗೆ ತರಗೆಲೆಯನ್ನು ಬೇಸಗೆಯ ಬೆಂಕಿ ಸುಟ್ಟಿದ್ದರೆ, ಪೊದೆಯನ್ನು ದನ ಮೇಯ್ದಿದ್ದರೆ, ಆ ತೇಗದ ತೋಪಿನ ನೆಲವು ತೆರೆದ ಬಯಲಿಗಿಂತಲೂ ಹೆಚ್ಚು ಸವೆಯಬಹುದು. ಮಣ್ಣನ್ನು ಕಾಯುವುದು ತಲೆಯ ಮೇಲಿನ ಕೊಡೆಯಲ್ಲ, ಕಾಲಡಿಯ ತರಗು ಮತ್ತು ಹುಲ್ಲು. ವನಮಹೋತ್ಸವದ ಉತ್ಸಾಹದಲ್ಲಿ ನೆಟ್ಟ ಸಸಿಗಳ ಲೆಕ್ಕವನ್ನು ಪ್ರಕಟಿಸುವ ಇಲಾಖೆಗಳು ಹುಲ್ಲಿನ ಲೆಕ್ಕವನ್ನು ಯಾವಾಗ ಇಡತೊಡಗುವುವೋ ಅಂದು ಈ ವಿಷಯದಲ್ಲಿ ವಿವೇಕ ಹುಟ್ಟಿತೆಂದು ತಿಳಿಯಬಹುದು.

ಕಳೆದ ಕೆಲವು ದಶಕಗಳಲ್ಲಿ ಆಗಿರುವ ಬದಲಾವಣೆಯ ಸ್ವರೂಪವೇ ಬೇರೆ. ದಿಂಡೋರಿ, ನಿಫಾಡಗಳ ದ್ರಾಕ್ಷಿ ತೋಟಗಳು ನಾಸಿಕಕ್ಕೆ ಸಂಪತ್ತನ್ನು ತಂದಿವೆ. ಅದನ್ನು ಯಾರೂ ಅಲ್ಲಗಳೆಯಲಾಗದು. ಆದರೆ ತೋಟವು ಸಮನೆಲವನ್ನು ಬಿಟ್ಟು ಗುಡ್ಡದ ಮೈಗೆ ಏರಿದಾಗ, ಯಂತ್ರದಿಂದ ಮಟ್ಟಮಾಡಿದ ಇಳಿಜಾರಿನಲ್ಲಿ ಸಾಲುಗಳ ನಡುವಿನ ನೆಲವನ್ನು ಹುಲ್ಲಿಲ್ಲದೆ ಚೊಕ್ಕಟವಾಗಿರಿಸಿದಾಗ, ಹೊದಿಕೆಯ ಅಂಶವು ಬರಿನೆಲದ ಸಮೀಪಕ್ಕೆ ಬರುತ್ತದೆ. ಜಲಾಶಯಗಳ ದಂಡೆಯ ಗುಡ್ಡಗಳಲ್ಲಿ ವಿಹಾರಗೃಹಗಳು ಎದ್ದಿವೆ. 2021ರಲ್ಲಿ ನದಿಯ ಉಗಮವಾದ ಬ್ರಹ್ಮಗಿರಿಯ ಮೈಯನ್ನೇ ಅಗೆಯುತ್ತಿರುವ ಸುದ್ದಿ ಹೊರಬಿದ್ದು ನಾಸಿಕದ ಜನರು ಪ್ರತಿಭಟಿಸಬೇಕಾಯಿತು. ನಾಗಪುರದಿಂದ ಸಂಭಾಜಿನಗರದ ಮೂಲಕ ಬಂದು ಇಗತಪುರಿಯ ಘಟ್ಟವನ್ನು ಸುರಂಗದಿಂದ ದಾಟಿ ಮುಂಬಯಿಯ ಕಡೆಗೆ ಇಳಿಯುವ 701 ಕಿಲೋಮೀಟರಿನ ಸಮೃದ್ಧಿ ಮಹಾಮಾರ್ಗವು 2025ರ ಜೂನ್‌ನಲ್ಲಿ ಪೂರ್ಣಗೊಂಡಿತು. ಹೆದ್ದಾರಿ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕಡಿದ ಗುಡ್ಡದ ಹಸಿಮುಖವೂ, ಅಲ್ಲಿಂದ ತೆಗೆದು ಹಳ್ಳದ ಅಂಚಿಗೆ ಸುರಿದ ಸಡಿಲ ಮಣ್ಣೂ, ಮೊದಲ ಮಳೆಗೆ ಮುನ್ನ ಹುಲ್ಲು ಹೊದೆಯದಿದ್ದರೆ ಆ ಕೆಲವೇ ಎಕರೆಗಳು ಸುತ್ತಣ ಇಡೀ ಕಣಿವೆಯ ಹೊಲಗಳನ್ನು ಮೀರಿಸುವಷ್ಟು ಹೂಳನ್ನು ಹಳ್ಳಕ್ಕೆ ಕೊಡಬಲ್ಲವು.

ಹೀಗೆ ಹೊರಟ ಮಣ್ಣು ಹೋದುದೆಲ್ಲಿಗೆ? ನಾಸಿಕ ನಗರದ ಮೇಲ್ಗಡೆ 1965ರಲ್ಲಿ ಪೂರ್ಣಗೊಂಡ ಗಂಗಾಪುರ ಅಣೆಕಟ್ಟಿನ ಉಪಯುಕ್ತ ಸಾಮರ್ಥ್ಯವು ಮೊದಲು 7.2 ಟಿ.ಎಂ.ಸಿ. ಇದ್ದುದು ಹೂಳಿನಿಂದಾಗಿ ಈಗ ಸುಮಾರು 5.6ಕ್ಕೆ ಇಳಿದಿದೆ. ನಗರವೊಂದು ಕುಡಿಯುವ ನೀರನ್ನು ಇರಿಸಿಕೊಳ್ಳುವ ಪಾತ್ರೆಯ ಐದರಲ್ಲೊಂದು ಪಾಲಿಗಿಂತ ಹೆಚ್ಚು ಭಾಗವು ಅದರದೇ ಮೇಲ್ಕಣಿವೆಯ ಮಣ್ಣಿನಿಂದ ತುಂಬಿತು! ಮಳೆಗಾಲದಲ್ಲಿ ಗೋದಾವರಿಯ ಪ್ರವಾಹವು ಎಷ್ಟು ಏರಿತೆಂಬುದನ್ನು ನಾಸಿಕದವರು ನದಿಯ ನಡುವಿನ ದುತೋಂಡ್ಯಾ ಮಾರುತಿಯ ಮೂರ್ತಿಯನ್ನು ನೋಡಿ ಹೇಳುವರು. ನೀರು ಮಂಡಿಗೆ ಬಂದಿತೇ, ಎದೆಗೆ ಬಂದಿತೇ ಎಂದು ಊರೆಲ್ಲ ಕೇಳುವುದು. ಆ ನೀರಿನ ಕೆಂಬಣ್ಣವೇನು ಹೇಳುತ್ತಿದೆಯೆಂದು ಕೇಳುವವರೂ ಹುಟ್ಟಬೇಕು.

ನಿಫಾಡ ತಾಲೂಕಿನ ನಾಂದೂರ ಮಧ್ಯಮೇಶ್ವರದ ವೃತ್ತಾಂತವು ಇನ್ನೂ ಸ್ವಾರಸ್ಯವಾದುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಗೋದಾವರಿಯೂ ಕಾದವಾ ನದಿಯೂ ಕೂಡುವಲ್ಲಿ ನೀರಾವರಿಗಾಗಿ ಕಲ್ಲಿನ ಒಡ್ಡೊಂದನ್ನು ಕಟ್ಟಲಾಯಿತು. ವರ್ಷವರ್ಷವೂ ಹೂಳು ಬಂದು ನಿಂತು, ನೀರಿನ ನಡುವೆ ದಿಣ್ಣೆಗಳೂ ಜೊಂಡಿನ ನಡುಗಡ್ಡೆಗಳೂ ಏರ್ಪಟ್ಟು, ಆಳವಿಲ್ಲದ ಆ ಕೆಸರುನೀರಿಗೆ ದೇಶಾಂತರದ ಹಕ್ಕಿಗಳು ಬರತೊಡಗಿದುವು. 1986ರಲ್ಲಿ ಅದು ಪಕ್ಷಿಧಾಮವಾಯಿತು. 2020ರಲ್ಲಿ ಮಹಾರಾಷ್ಟ್ರದ ಪ್ರಥಮ ರಾಮ್ಸಾರ್ ತಾಣವೆಂದು, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂದು, ಘೋಷಿತವಾಯಿತು. ಸಹ್ಯಾದ್ರಿಯ ಮಣ್ಣು ಹಕ್ಕಿಗಳಿಗೆ ಮನೆಯಾದುದು ಸಂತೋಷದ ಸಂಗತಿಯೇ. ಆದರೆ ಆ ಸಂತೋಷದಿಂದ ಮೇಲಿನ ಗುಡ್ಡದ ನಷ್ಟವು ಭರ್ತಿಯಾಗುವುದಿಲ್ಲ.

ಮುಂದೆ ಪೈಠಣ. 1965ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟು, 1976ರಲ್ಲಿ ಇಂದಿರಾ ಗಾಂಧಿಯವರು ಉದ್ಘಾಟಿಸಿದ ಜಾಯಕವಾಡಿಯ ನಾಥಸಾಗರವು ನೂರು ಟಿ.ಎಂ.ಸಿ.ಗಿಂತ ಹೆಚ್ಚಿನ ನೀರನ್ನು ಹಿಡಿಯುವಂತೆ ನಿರ್ಮಿತವಾದ, ಆದರೆ ಸಮತಟ್ಟಾದ ಪ್ರದೇಶದಲ್ಲಿ ಹರಡಿಕೊಂಡ ಆಳವಿಲ್ಲದ ಜಲಾಶಯ. ಇಲ್ಲಿಗೆ ಬರುವ ಹೂಳು ಸಹ್ಯಾದ್ರಿಯದು ಮಾತ್ರವಲ್ಲ. ಸಂಭಾಜಿನಗರ ಜಿಲ್ಲೆಯದೇ ಆದ ಶಿವನಾ ಮೊದಲಾದ ನದಿಗಳೂ ತಮ್ಮ ಪಾಲನ್ನು ತರುತ್ತವೆ. ಕನ್ನಡ್, ಖುಲತಾಬಾದ ತಾಲೂಕುಗಳ ಅಜಂತಾ ಸಾತಮಾಳ ಶ್ರೇಣಿಗಳಲ್ಲಿ ವರ್ಷದ ಮಳೆ ಏಳು ನೂರು ಮಿಲಿಮೀಟರಿನ ಆಸುಪಾಸಿನದು. ಇಗತಪುರಿಯ ಕಾಲುಭಾಗವೂ ಇಲ್ಲದ ಈ ಮಳೆಯಿಂದ ಅಂಜಿಕೆಯೇನೆಂದು ತೋರಬಹುದು. ಆದರೆ ಮಳೆಯ ಮೊತ್ತಕ್ಕಿಂತ ಅದರ ರಭಸವೂ ಅದು ಬರುವ ಸಮಯವೂ ಮುಖ್ಯ. ಬೇಸಗೆಯಲ್ಲಿ ಉತ್ತು, ಹರಗಿ, ಕಳೆ ತೆಗೆದು ಬಿತ್ತನೆಗೆ ಸಿದ್ಧವಾದ ನೆಲದ ಮೇಲೆ ಜೂನ್ ತಿಂಗಳ ಗುಡುಗುಮಳೆ ಬೀಳುವಾಗ ಹತ್ತಿ, ಮೆಕ್ಕೆಜೋಳಗಳಿನ್ನೂ ಮೊಳೆತಿರುವುದೇ ಇಲ್ಲ; ಎಲೆಗಳು ಹರಡಿ ಸಾಲುಗಳ ನಡುವಣ ನೆಲ ಮುಚ್ಚಲು ಜುಲೈ ಕಳೆಯಬೇಕು. ವರ್ಷದ ಮಣ್ಣಿನ ನಷ್ಟದಲ್ಲಿ ದೊಡ್ಡ ಪಾಲು ಈ ಕೆಲವು ವಾರಗಳ ಕೆಲವೇ ಬಿರುಮಳೆಗಳಲ್ಲಿ ಆಗಿಬಿಡುತ್ತದೆ. ಹಿಂದೆ ದನಕರುಗಳು ಮೇಯುತ್ತಿದ್ದ ಗಾಯರಾಣ ಗುಡ್ಡಗಳು ಉಳುಮೆಗೆ ಒಳಗಾದುದು ಇಂಥ ನಾಡಿನಲ್ಲಿ ಎಷ್ಟು ದುಬಾರಿಯೆಂಬುದನ್ನು ವಿವರಿಸಬೇಕಾಗಿಲ್ಲ. ಮಧ್ಯ ಭಾರತದಲ್ಲಿ 1950ರಿಂದ 2015ರವರೆಗೆ ವಿಸ್ತಾರವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆಯೆಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿರುವುದರಿಂದ, ಮಳೆಯ ಅಂಶವೂ ಇನ್ನು ಮುಂದೆ ಸ್ಥಿರವಾಗಿರಲಾರದು.

ಪರಿಹಾರದ ಚರಿತ್ರೆಯಲ್ಲಿ ಕನ್ನಡ ನಾಡಿಗೂ ಒಂದು ಗೌರವದ ಸ್ಥಾನವಿದೆ. 1933ರಿಂದ 1935ರೊಳಗೆ ಒಣಬೇಸಾಯದ ಸಂಶೋಧನೆಗಾಗಿ ಸ್ಥಾಪಿತವಾದ ಐದು ಕೇಂದ್ರಗಳಲ್ಲಿ ಸೊಲ್ಲಾಪುರ, ರೋಹತಕಗಳ ಜೊತೆಗೆ ಬಿಜಾಪುರ, ರಾಯಚೂರು, ಬಳ್ಳಾರಿಯ ಹಗರಿ ಸೇರಿದ್ದುವು. ಅಲ್ಲಿಯ ಅನುಭವದ ಬಲದಿಂದಲೂ 1942ರ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾನೂನಿನಿಂದಲೂ ಸಮಪಾತಳಿ ಬದುಗಳ ಕೆಲಸ ದಖ್ಖನಿನಲ್ಲೆಲ್ಲ ಹಬ್ಬಿತು. 1972ರ ಬರಗಾಲದಲ್ಲಿ ಹಸಿದ ಲಕ್ಷಾಂತರ ಕೈಗಳು ಮರಾಠವಾಡದಲ್ಲಿ ಬದು, ಒಡ್ಡು, ಇಂಗುಕೆರೆಗಳನ್ನು ಕಟ್ಟಿದುವು. ಆದರೆ ಮಸಾರಿಗೆ ಹಿತವಾದ ಬದು ಆಳವಾದ ಎರೆನೆಲಕ್ಕೆ ಒಗ್ಗಲಿಲ್ಲ. ನೀರು ಇಂಗದ ಎರೆಯಲ್ಲಿ ಬದುವಿನ ಹಿಂದೆ ಮಡುಗಟ್ಟಿ ಬೆಳೆ ಕೊಳೆಯಿತು, ಎಷ್ಟೋ ಕಡೆ ಬದು ಒಡೆದು ಕೊರಕಲಾಯಿತು. ಕಡಿದಾದ ಬೆಟ್ಟದಲ್ಲಿ ಅಪಾಯವು ಇನ್ನೂ ಘೋರ. 2014ರ ಜುಲೈ 30ರಂದು ಪುಣೆ ಜಿಲ್ಲೆಯ ಮಾಳೀಣ ಗ್ರಾಮವು ಗುಡ್ಡದಡಿ ಹೂತುಹೋಗಿ ನೂರೈವತ್ತಕ್ಕೂ ಹೆಚ್ಚು ಜನ ಮೃತರಾದರು; ಬೇಸಾಯಕ್ಕಾಗಿ ಯಂತ್ರಗಳಿಂದ ಇಳಿಜಾರನ್ನು ಮಟ್ಟಮಾಡಿದುದು ಅದಕ್ಕೆ ಎಷ್ಟು ಕಾರಣವೆಂಬ ಚರ್ಚೆ ಆಗ ತೀವ್ರವಾಗಿ ನಡೆಯಿತು. ನೆಲದ ಗುಣವರಿಯದ ಉಪಕಾರವೂ ಅಪಕಾರವಾಗುವುದೆಂಬುದಕ್ಕೆ ಎರೆಹೊಲದ ಬದುಗಳೇ ಸಾಕ್ಷಿ.

ಒಳ್ಳೆಯ ನಿದರ್ಶನಗಳೂ ಅಲ್ಲಿಯೇ ಇವೆ. 1981ರವರೆಗೆ, ಆಗ ಔರಂಗಾಬಾದವೆನಿಸಿದ್ದ ಸಂಭಾಜಿನಗರ ಜಿಲ್ಲೆಗೇ ಸೇರಿದ್ದ ಜಾಲನಾದ ಕಡವಂಚಿ ಗ್ರಾಮವು 1996ರಿಂದ ಇಂಡೋ-ಜರ್ಮನ್ ಜಲಾನಯನ ಕಾರ್ಯಕ್ರಮದಲ್ಲಿ ತುದಿಯಿಂದ ಬುಡಕ್ಕೆ ಎಂಬ ಕ್ರಮವನ್ನು ಅನುಸರಿಸಿತು: ಮೊದಲು ಗುಡ್ಡದ ನೆತ್ತಿ, ಆಮೇಲೆ ಹೊಲ, ಕಡೆಗೆ ಹಳ್ಳ. ಹಳ್ಳವನ್ನೇ ಮೊದಲು ಅಗೆದು ಆಳಮಾಡುವ ಈಚಿನ ಅವಸರದ ಯೋಜನೆಗಳು ಈ ಕ್ರಮವನ್ನು ತಲೆಕೆಳಗು ಮಾಡಿವೆ. ಮೇಲೆ ಹೊದಿಕೆಯಿಲ್ಲದೆ ಕೆಳಗೆ ತೋಡಿದ ಗುಂಡಿಯು ತುಂಬದೆ ಇನ್ನೇನಾಗಬೇಕು? ಮಹಾರಾಷ್ಟ್ರ ಸರಕಾರವು 2017ರಲ್ಲಿ ಕೈಗೊಂಡ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’, ಅಂದರೆ ಹೂಳಿಲ್ಲದ ಅಣೆಕಟ್ಟು, ಹೂಳುಳ್ಳ ಹೊಲ ಎಂಬ ಯೋಜನೆಯು, ನಮ್ಮ ಹಿರಿಯರು ಕೆರೆಗೋಡನ್ನು ಹೊಲಕ್ಕೆ ಹೊಡೆಯುತ್ತಿದ್ದಂತೆ, ಜಲಾಶಯದ ಹೂಳನ್ನು ತೆಗೆದು ಮತ್ತೆ ಹೊಲಗಳಿಗೆ ಹರಡುತ್ತದೆ. ಇದು ಸ್ತುತ್ಯವಾದ ಕಾರ್ಯ. ಆದರೆ ಹೂಳು ಬೀಳುವುದು ಕಣಿವೆಯ ರೈತನ ಹೊಲಕ್ಕೆ, ಹೋದುದು ಗುಡ್ಡದವನ ಹೊಲದಿಂದ. ಚೀನದೇಶದವರು ಇಪ್ಪತ್ತೈದು ಡಿಗ್ರಿಗಿಂತ ಕಡಿದಾದ ಇಳಿಜಾರಿನಲ್ಲಿ ಹೊಸ ಬೇಸಾಯವನ್ನು ಕಾನೂನಿನಿಂದ ನಿಷೇಧಿಸಿ, 1999ರಿಂದ ಅಂಥ ನೆಲವನ್ನು ಹುಲ್ಲಿಗೂ ಕಾಡಿಗೂ ಮರಳಿ ಬಿಟ್ಟ ರೈತರಿಗೆ ಧಾನ್ಯವನ್ನೂ ಹಣವನ್ನೂ ಕೊಟ್ಟರು. ಹಿಂದೆ ವರ್ಷಕ್ಕೆ ನೂರ ಅರವತ್ತು ಕೋಟಿ ಟನ್ನು ಹೂಳನ್ನು ಹೊರುತ್ತಿದ್ದ ಹಳದಿ ನದಿಯ ಹೊರೆಯು, ಅಣೆಕಟ್ಟುಗಳ ಹಾಗೂ ಒಡ್ಡುಗಳ ಸಹಾಯವೂ ಸೇರಿ, ಅದರ ಸಣ್ಣದೊಂದು ಪಾಲಿಗೆ ಇಳಿದಿದೆ. ಗುಡ್ಡದ ರೈತನಿಗೆ ಪರಿಹಾರ ಕೊಟ್ಟರು ಎಂಬ ಅಂಶವನ್ನು ನಾನು ಇಲ್ಲಿ ಒತ್ತಿ ಹೇಳುತ್ತೇನೆ.

ಇದು ನಾಸಿಕಕ್ಕೆ, ಸಂಭಾಜಿನಗರಕ್ಕೆ ಸೀಮಿತವಾದ ಮಾತೆಂದು ತಾವು ತಿಳಿಯಲಾಗದು. ನಮ್ಮ ತುಂಗಭದ್ರೆಯ ಜಲಾಶಯವು ಆರಂಭದಲ್ಲಿ ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದುದು ಈಗ 105ರ ಆಸುಪಾಸಿಗೆ ಬಂದಿದೆ. ಆ ಹೂಳು ನಮ್ಮದೇ ಮಲೆನಾಡಿನ, ನಮ್ಮದೇ ಬಯಲುಸೀಮೆಯ ಮಣ್ಣು. ನಾಸಿಕದಲ್ಲಿರುವ ಮಹಾರಾಷ್ಟ್ರ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯು ಜಲಾಶಯಗಳ ಹೂಳನ್ನು ಉಪಗ್ರಹ ಚಿತ್ರಗಳಿಂದ ಅಳೆಯುತ್ತದೆ. ನೀರಿನ ಮಟ್ಟ ಇಳಿದಂತೆ ಅದರ ಹರವು ಹಿಂದಿಗಿಂತ ಎಷ್ಟು ಕುಗ್ಗಿದೆಯೆಂದು ನೋಡಿ ಕಳೆದುಹೋದ ಸಾಮರ್ಥ್ಯವನ್ನು ಗಣಿಸುತ್ತದೆ. ಅಳೆಯುವ ವಿದ್ಯೆಯು ನಮ್ಮಲ್ಲಿದೆಯೆಂದಮೇಲೆ, ಆ ಅಳತೆಯನ್ನು ಜಲಾಶಯದಲ್ಲಿ ನಿಲ್ಲಿಸದೆ ಪ್ರತಿಯೊಂದು ಉಪಕಣಿವೆಯ ಬಾಯಿಗೆ ಒಯ್ಯಬೇಕು. ನೀರಿನ ಪಾಲನ್ನು ನಿರ್ಣಯಿಸುವ ಪ್ರಾಧಿಕಾರದ ಮುಂದೆ ಪ್ರತಿವರ್ಷವೂ ಮಣ್ಣಿನ ಲೆಕ್ಕವನ್ನೂ ಇಡಬೇಕು. ಕಡಿದಾದ ಇಳಿಜಾರನ್ನು ಹುಲ್ಲಿಗೆ ಬಿಟ್ಟುಕೊಡುವ ಗುಡ್ಡದ ರೈತನಿಗೆ, ಅವನ ಕೆಳಗೆ ನೀರು ಕುಡಿಯುವ ನಗರಗಳೂ ನೀರು ಹಾಯಿಸುವ ತೋಟಗಳೂ ನ್ಯಾಯವಾದ ಪ್ರತಿಫಲವನ್ನು ಸಲ್ಲಿಸಬೇಕು. ಈ ಸಭೆಯಲ್ಲಿ ಕುಳಿತಿರುವ ಎಂಜಿನಿಯರುಗಳೂ ಅಧ್ಯಾಪಕರೂ ಜಮೀನುಳ್ಳವರೂ ತಮ್ಮ ತಮ್ಮ ತಾಲೂಕಿನ ಒಂದು ಹಳ್ಳವನ್ನಾದರೂ ಬರುವ ಜೂನ್ ತಿಂಗಳ ಮೊದಲ ಮಳೆಯಿಂದಲೇ ಅಳೆಯಲು ಆರಂಭಿಸಬೇಕೆಂದು ಪ್ರಾರ್ಥಿಸಿ ನನ್ನ ಉಪನ್ಯಾಸವನ್ನು ಮುಗಿಸುತ್ತೇನೆ.